ಜಿಪ್ಸಿಗೆ ಗಾಳಿಯ ಡಿಫರೆನ್ಷಿಯಲ್ ಲಾಕ್: ಹಿಂದಿನ ಆಕ್ಸಲ್‌ಗೆ ಮಾತ್ರ ಸಾಕೇ, ಮುಂದಕ್ಕೂ ಬೇಕೇ?

ತೋಟದ ಜಿಪ್ಸಿ, ಮಳವಳ್ಳಿ

ನಮ್ಮ ತೋಟ ಹಲಗೂರಿನ ಆಚೆ ಇದೆ. ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ದಾಟಿದ ತಕ್ಷಣ ಬಂಡೆಗಲ್ಲಿನ ಏರು. ಗಾಡಿ ಜಿಪ್ಸಿ ಕಿಂಗ್, 1300 ಸಿಸಿ ಪೆಟ್ರೋಲ್, ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್. ಬೇಸಿಗೆಯಲ್ಲಿ ತೊಂದರೆಯಿಲ್ಲ. ಮಳೆ ಹಿಡಿದ ಮೇಲೆ ಆ ಏರಿನಲ್ಲಿ ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಎರಡೂ ಒಂದೇ ಸಲ ಹಗುರವಾಗುತ್ತವೆ. ಫೋರ್ ವೀಲ್ ಲೋ (ನಾಲ್ಕೂ ಗಾಲಿಗಳಿಗೆ ಬಲ ಕೊಡುವ ನಿಧಾನದ ಗೇರ್) ಹಾಕಿದ್ದರೂ ಆ ಎರಡೇ ಗಾಲಿಗಳು ಗಿರ್ರನೆ ತಿರುಗುತ್ತವೆ. ನೆಲ ಕಚ್ಚಿಕೊಂಡಿರುವ ಇನ್ನೆರಡು ಅಲುಗುವುದೇ ಇಲ್ಲ. ಹಿಂದೆ ಗೊಬ್ಬರದ ಮೂಟೆಗಳಿದ್ದರೆ ಇಳಿಸಿ, ಗಾಲಿಗೆ ಕಲ್ಲು ಕೊಟ್ಟು, ಮತ್ತೆ ಹತ್ತಿಸಬೇಕು. ಅಪ್ಪನಿಗೆ ವಯಸ್ಸಾಗಿದೆ. ಅವರೊಬ್ಬರೇ ತೋಟಕ್ಕೆ ಹೋದ ದಿನ ನನಗೆ ಮನೆಯಲ್ಲಿ ಕೈಕಾಲು ಆಡುವುದಿಲ್ಲ.

ಒಂದು ಆಕ್ಸಲ್‌ನ ಎಡ ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯೇ ಡಿಫರೆನ್ಷಿಯಲ್. ಬೇಕೆಂದಾಗ ಆ ಎರಡನ್ನೂ ಒಟ್ಟಿಗೆ ಕಟ್ಟುವ, ಗಾಳಿಯಿಂದ ಕೆಲಸ ಮಾಡುವ ಡಿಫರೆನ್ಷಿಯಲ್ ಲಾಕ್ ಹಾಕಿಸಬೇಕೆಂದು ಮನಸ್ಸು ಮಾಡಿದ್ದೇನೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಏರ್ ಲಾಕರ್ ಸುಜುಕಿಯ ಸಣ್ಣ ಆಕ್ಸಲ್‌ಗಳಿಗೂ ಬರುತ್ತದೆ. ಹಿಂದಿನ ಆಕ್ಸಲ್‌ಗೆ ಮಾತ್ರ ಹಾಕಿಸಿದರೆ ಸಾಕೇ, ಮುಂದಕ್ಕೂ ಬೇಕೇ? ಈ ಕೆಲಸ ಮೈಸೂರಿನಲ್ಲೇ ಆಗುತ್ತದೆಯೇ, ಇಲ್ಲ ಬೆಂಗಳೂರಿಗೆ ಹೋಗಬೇಕೇ? ತಿಳಿದವರು ದಯವಿಟ್ಟು ಹೇಳಿ.

ಹೂಟಗಳ್ಳಿ ಫಿಟ್ಟರ್, ಮೈಸೂರು

ಲಾರಿಗಳ ಆಕ್ಸಲ್ ತಯಾರಾಗುವ ಊರು ಪಕ್ಕದಲ್ಲೇ ಇರುವಾಗ ಬೆಂಗಳೂರಿನ ದಾರಿ ಏಕೆ ಹಿಡಿಯುತ್ತೀರಿ? ಡಿಫರೆನ್ಷಿಯಲ್ ಜೋಡಣೆಯ ಕೆಲಸದಲ್ಲೇ ನಾನು ನಿವೃತ್ತಿಯ ತನಕ ದುಡಿದವನು. ಗಾಳಿಯ ಲಾಕ್ ನಮ್ಮ ಕಡೆಗೆ ಹೊಸದಲ್ಲ. ಜಲ್ಲಿ ಕ್ರಷರ್‌ಗಳಿಗೆ ಓಡುವ ಟಿಪ್ಪರ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಬ್ರೇಕಿಗಾಗಿ ಇಟ್ಟಿರುವ ಟ್ಯಾಂಕಿನ ಗಾಳಿಯನ್ನೇ ಲಾಕಿಗೂ ಕೊಡುತ್ತಾರೆ. ಜಿಪ್ಸಿಯಲ್ಲಿ ಗಾಳಿಯ ಬ್ರೇಕ್ ಇಲ್ಲದ ಕಾರಣ ಸಣ್ಣದೊಂದು ಕಂಪ್ರೆಸರ್ ಕೂರಿಸಬೇಕಾಗುತ್ತದೆ. ವ್ಯತ್ಯಾಸ ಅಷ್ಟೇ.

ನಿಮ್ಮ ಏರಿನಲ್ಲಿ ಏನಾಗುತ್ತಿದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಟಾರ್ಕ್ ಎಲ್ಲ, ಅಂದರೆ ಗಾಲಿ ತಿರುಗಿಸುವ ಬಲವೆಲ್ಲ, ಜಾರುವ ಗಾಲಿಗೆ ಹೋಗಿಬಿಡುತ್ತದೆ ಎಂದು ಜನ ಹೇಳುವುದುಂಟು, ಅದು ಸರಿಯಲ್ಲ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಗಾಲಿಗಳಿಗೆ ಸಮನಾದ ಟಾರ್ಕ್ ಕೊಡುತ್ತದೆ. ತೊಂದರೆ ಇರುವುದು ಅಲ್ಲೇ. ಮೇಲೆದ್ದ ಗಾಲಿಯನ್ನು ತಿರುಗಿಸಲು ಬೇಕಾಗುವುದು ತೀರಾ ಕಡಿಮೆ ಟಾರ್ಕ್. ನೆಲದ ಮೇಲಿರುವ ಗಾಲಿಗೂ ಅಷ್ಟೇ ಸಿಗುತ್ತದೆ, ಅದರಿಂದ ಗಾಡಿ ಬಂಡೆ ಹತ್ತುವುದಿಲ್ಲ. ನಿಮ್ಮಲ್ಲಿ ಮುಂದೊಂದು, ಹಿಂದೊಂದು ಗಾಲಿ ಮೂಲೆಗೆ ಮೂಲೆ ಎದ್ದಿರುವುದರಿಂದ ಎರಡು ಆಕ್ಸಲ್‌ಗಳೂ ಒಟ್ಟಿಗೆ ಸೋಲುತ್ತವೆ. ಫೋರ್ ವೀಲ್ ಲಿವರ್ ಮಾಡುವುದು ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳನ್ನು ಜೋಡಿಸುವ ಕೆಲಸವನ್ನು ಮಾತ್ರ. ಎಡ ಬಲ ಗಾಲಿಗಳನ್ನು ಅದು ಜೋಡಿಸುವುದಿಲ್ಲ.

ಏರ್ ಲಾಕರ್‌ನ ಒಳಗೂ ನಡುವಿನ ಸ್ಟಾರ್ ಗೇರ್, ಎಡ ಬಲ ಗಾಲಿಗಳ ಶಾಫ್ಟ್‌ಗೆ ಸೇರಿದ ಸನ್ ಗೇರ್ ಎಲ್ಲ ಎಂದಿನಂತೆಯೇ ಇರುತ್ತವೆ. ಹೆಚ್ಚಿಗೆ ಇರುವುದು ಉಂಗುರದ ಆಕಾರದ ಒಂದು ಪಿಸ್ಟನ್. ಗಾಳಿ ಬಂದಾಗ ಅದು ಹಲ್ಲಿರುವ ಲಾಕ್ ಉಂಗುರವನ್ನು ಸರಿಸಿ, ಒಂದು ಸನ್ ಗೇರನ್ನು ಡಿಫರೆನ್ಷಿಯಲ್ ಕೇಸಿಗೆ (ಈ ಗೇರ್‌ಗಳನ್ನು ಹೊತ್ತು ತಿರುಗುವ ಹೊರಗವಚಕ್ಕೆ) ಬಿಗಿಯುತ್ತದೆ. ಒಂದು ಸನ್ ಗೇರ್ ಕೇಸಿಗೆ ಅಂಟಿದರೆ ಸ್ಟಾರ್ ಗೇರ್‌ಗಳು ಉರುಳುವಂತಿಲ್ಲ. ಅವು ಉರುಳದಿದ್ದರೆ ಇನ್ನೊಂದು ಸನ್ ಗೇರೂ ಕೇಸಿನ ಜೊತೆಗೇ ತಿರುಗಬೇಕು. ಒಂದೇ ಕಡೆ ಬಿಗಿದು ಎರಡೂ ಗಾಲಿಗಳನ್ನು ಕಟ್ಟುವ ಈ ಉಪಾಯವನ್ನು ನಾನು ತುಂಬಾ ಮೆಚ್ಚುತ್ತೇನೆ. ಗಾಳಿ ಹೊರಗೆ ಬಿಟ್ಟ ತಕ್ಷಣ ಒಳಗಿನ ಸ್ಪ್ರಿಂಗ್‌ಗಳು ಉಂಗುರವನ್ನು ಹಿಂದಕ್ಕೆ ತಳ್ಳುತ್ತವೆ, ಡಿಫರೆನ್ಷಿಯಲ್ ಮಾಮೂಲಿ ಸ್ಥಿತಿಗೆ ಮರಳುತ್ತದೆ. ಇದು ಮೊದಲು ರಾಬರ್ಟ್ಸ್ ಡಿಫ್ ಲಾಕ್ ಎಂಬ ಹೆಸರಿನಲ್ಲಿತ್ತು. 1987ರಲ್ಲಿ ಎಆರ್‌ಬಿ ಅದರ ಹಕ್ಕನ್ನು ಕೊಂಡಿತು.

ನಿಮ್ಮ ಪ್ರಶ್ನೆಗೆ ಉತ್ತರ: ಹಿಂದಕ್ಕೆ ಮಾತ್ರ ಹಾಕಿಸಿ. ಏರುವಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಗೊಬ್ಬರದ ಮೂಟೆಗಳೂ ಹಿಂದೆಯೇ ಇವೆ. ನಿಮ್ಮ ಬಂಡೆ ಹತ್ತಲು ಅಷ್ಟು ಸಾಕು.

ಕೆಸರುಗದ್ದೆ, ಮದ್ದೂರು

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಟ್ರ್ಯಾಕ್ಟರ್‌ನಲ್ಲಿ ಬಲ ಹಿಮ್ಮಡಿಯ ಹತ್ತಿರ ಡಿಫರೆನ್ಷಿಯಲ್ ಲಾಕಿನ ಪೆಡಲ್ ಇರುತ್ತದಲ್ಲ, ಅದೇ ಕೆಲಸ. ಭತ್ತದ ಗದ್ದೆ ಕೆಸರು ಮಾಡುವಾಗ ಒಂದು ಗಾಲಿ ಹೂತು ಸುಮ್ಮನೆ ತಿರುಗಲು ಶುರು ಮಾಡಿದರೆ ಹಿಮ್ಮಡಿಯಿಂದ ಒತ್ತುತ್ತೇವೆ, ಟ್ರ್ಯಾಕ್ಟರ್ ಎದ್ದು ಬರುತ್ತದೆ. ಬದುವಿನ ಹತ್ತಿರ ತಿರುಗಿಸುವ ಮೊದಲು ಬಿಡಬೇಕು. ಬಿಡದೆ ತಿರುಗಿಸಿದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಮಳವಳ್ಳಿ ಸರ್, ನಿಮ್ಮ ತಂದೆ ಟ್ರ್ಯಾಕ್ಟರ್ ಓಡಿಸಿದವರಾದರೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಐದು ಬಾಗಿಲಿನ ಜಿಮ್ನಿ, ಕುವೆಂಪುನಗರ

ನನ್ನದೊಂದು ಬೇರೆ ಅಭಿಪ್ರಾಯ. 2023ರಲ್ಲಿ ಬಂದ ಜಿಮ್ನಿಯಲ್ಲಿ ಲಾಕ್ ಇಲ್ಲ. ಜಾರುವ ಗಾಲಿಗೆ ಗಾಡಿಯೇ ಬ್ರೇಕ್ ಹಿಡಿದು ಇನ್ನೊಂದು ಗಾಲಿಗೆ ಟಾರ್ಕ್ ಕಳುಹಿಸುವ ವ್ಯವಸ್ಥೆ ಇದೆ. ಮೇಲುಕೋಟೆ ಕಡೆಯ ಕಲ್ಲು ದಾರಿಗಳಲ್ಲಿ ಅದು ನನ್ನ ಕೈಬಿಟ್ಟಿಲ್ಲ. ಹಾಗಿರುವಾಗ ಅಷ್ಟು ಹಣ ಸುರಿದು ಆಕ್ಸಲ್ ಬಿಚ್ಚಿಸುವುದು ಬೇಕೇ?

ತೋಟದ ಜಿಪ್ಸಿ, ಮಳವಳ್ಳಿ

ಜಿಮ್ನಿ ಸರ್, ನಿಮ್ಮ ಗಾಡಿಯಲ್ಲಿರುವ ಎಲೆಕ್ಟ್ರಾನಿಕ್ಸ್ ಜಿಪ್ಸಿಯಲ್ಲಿ ಇಲ್ಲ. ಗಾಡಿ ಬದಲಿಸುವ ಯೋಚನೆಯೂ ಇಲ್ಲ, ಇದು ಅಪ್ಪನ ಕೈಗೆ ಒಗ್ಗಿದ ಗಾಡಿ. ಮದ್ದೂರಿನ ಅಣ್ಣ, ಅಪ್ಪ ಟ್ರ್ಯಾಕ್ಟರ್ ಓಡಿಸಿದವರೇ. ನೀವು ಹೇಳಿದ ಮೇಲೆ ನನಗೆ ಅರ್ಧ ಧೈರ್ಯ ಬಂತು.

ಹೂಟಗಳ್ಳಿ ಫಿಟ್ಟರ್, ಮೈಸೂರು

ಜಿಮ್ನಿಯ ವ್ಯವಸ್ಥೆ ಒಳ್ಳೆಯದೇ, ಅದನ್ನು ಹಳಿಯಬೇಕಾಗಿಲ್ಲ. ಆದರೆ ಗಾಲಿ ಜಾರಿದ ಮೇಲೆಯೇ ಅದಕ್ಕೆ ವಿಷಯ ಗೊತ್ತಾಗುವುದು. ಒಂದಿಷ್ಟು ತಿರುಗಬೇಕು, ಬ್ರೇಕ್ ಹಿಡಿಯಬೇಕು, ಚಾಲಕ ಆಕ್ಸಿಲರೇಟರ್ ಬಿಡದೆ ಒತ್ತಿ ಹಿಡಿದಿರಬೇಕು. ಒದ್ದೆ ಬಂಡೆಯ ಮೇಲೆ ಆ ಒಂದಿಷ್ಟು ತಿರುಗುವಿಕೆಯೇ ಗಾಡಿಯನ್ನು ಪಕ್ಕಕ್ಕೆ ಎಳೆದುಬಿಡಬಹುದು. ಲಾಕ್ ಹಾಕಿದ್ದರೆ ಗಾಲಿ ಜಾರುವ ಮೊದಲೇ ಎರಡೂ ಒಂದಾಗಿರುತ್ತವೆ. ಆಕ್ಸಿಲರೇಟರ್ ಮೇಲೆ ಕಾಲು ಊರದೆ, ಎಂಜಿನ್ ತೆವಳುವ ವೇಗದಲ್ಲೇ ಹತ್ತಿಬಿಡಬಹುದು. ವಯಸ್ಸಾದವರು ಓಡಿಸುವ ಗಾಡಿಗೆ ಇದು ದೊಡ್ಡ ಅನುಕೂಲ.

ಟೋ ಹಗ್ಗ, ಹುಣಸೂರು

ಹಿಂದಕ್ಕೆ ಹಾಕಿಸುವಾಗಲೇ ಮುಂದಕ್ಕೂ ಹಾಕಿಸಿಬಿಡಿ ಎನ್ನುತ್ತೇನೆ. ಕಂಪ್ರೆಸರ್ ಒಂದೇ, ವೈರಿಂಗ್ ಒಂದೇ, ಸೊಲೆನಾಯ್ಡ್ (ಗಾಳಿ ಹರಿಸಿ ನಿಲ್ಲಿಸುವ ಕರೆಂಟಿನ ಕವಾಟ) ಮಾತ್ರ ಎರಡು. ಎರಡೂ ಆಕ್ಸಲ್ ಕಟ್ಟಿದ ಜಿಪ್ಸಿಯನ್ನು ನಿಲ್ಲಿಸುವವರಿಲ್ಲ. ಫೋರ್ಸ್ ಗೂರ್ಖಾದಲ್ಲಿ ಕಂಪನಿಯವರೇ ಮುಂದೆ ಹಿಂದೆ ಎರಡಕ್ಕೂ ಲಾಕ್ ಕೊಟ್ಟಿಲ್ಲವೇ? ಹಣ ಸಾಲದಿದ್ದರೆ ಹಿಂದಿನ ಸ್ಟಾರ್ ಗೇರ್‌ಗಳಿಗೆ ವೆಲ್ಡಿಂಗ್ ಮಾಡಿಸಿದವರೂ ಇದ್ದಾರೆ, ಅದಕ್ಕೆ ಖರ್ಚೇ ಇಲ್ಲ.

ಹೂಟಗಳ್ಳಿ ಫಿಟ್ಟರ್, ಮೈಸೂರು

ವೆಲ್ಡಿಂಗ್ ಮಾತು ದಯವಿಟ್ಟು ಎತ್ತಬೇಡಿ. ಟಾರು ರಸ್ತೆಯಲ್ಲಿ ಓಡುವ ಗಾಡಿಗೆ ಅದು ಕೂಡದು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಖಾಯಂ ಆಗಿ ಕಟ್ಟಿಬಿಟ್ಟರೆ ಪ್ರತಿ ತಿರುವಿನಲ್ಲೂ ಒಂದು ಟೈರು ಉಜ್ಜಿಕೊಂಡೇ ಬರಬೇಕು, ಆಕ್ಸಲ್ ಶಾಫ್ಟ್ ತಿರುಚಿಕೊಳ್ಳಬೇಕು. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಇಷ್ಟು ಗಿಡ್ಡ, ಇಷ್ಟು ಹಗುರ ಗಾಡಿ ಮಳೆಯಲ್ಲಿ ಮಳವಳ್ಳಿ ರಸ್ತೆಯ ತಿರುವಿನಲ್ಲಿ ಹಿಂಭಾಗ ಬೀಸಿದರೆ ಹಿಡಿದು ನಿಲ್ಲಿಸುವುದು ಕಷ್ಟ. ತಾನಾಗಿಯೇ ಬಿಗಿದು ತಾನಾಗಿಯೇ ಬಿಡುವ ಅಗ್ಗದ ಲಾಕರ್‌ಗಳ ಬಗ್ಗೆಯೂ ನನಗೆ ಇದೇ ಭಯ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದಾಗ ಅವು ಯಾವ ಗಳಿಗೆಯಲ್ಲಿ ಬಿಗಿಯುತ್ತವೆ ಎಂಬುದು ಚಾಲಕನ ಕೈಯಲ್ಲಿಲ್ಲ. ಗಾಳಿಯ ಲಾಕಿಗೆ ಹೆಚ್ಚು ಹಣ ಕೊಡುವುದೇ ಅದು ಬೇಡವಾದಾಗ ಪೂರ್ತಿ ಇಲ್ಲದಂತೆ ಇರುತ್ತದೆ ಎಂಬ ಕಾರಣಕ್ಕೆ.

ಇನ್ನು ಮುಂದಿನ ಆಕ್ಸಲ್. ಗೂರ್ಖಾದ ಮುಂದಿನ ಆಕ್ಸಲ್ಲನ್ನು ಲಾಕ್ ಇರುತ್ತದೆ ಎಂದು ತಿಳಿದೇ ಕಟ್ಟಿದ್ದಾರೆ. ಜಿಪ್ಸಿಯಲ್ಲಿ ಮುಂದಿನ ಶಾಫ್ಟ್‌ನ ತುದಿಯಲ್ಲಿ ಗುಂಡುಗಳಿರುವ ಸಿವಿ ಜಾಯಿಂಟ್ (ಗಾಲಿ ಓರೆಯಾದಾಗಲೂ ಅದನ್ನು ತಿರುಗಿಸುವ ಕೀಲು) ಇದೆ, ಬರ್ಫೀಲ್ಡ್ ಎನ್ನುತ್ತಾರೆ. ಸ್ಟಿಯರಿಂಗ್ ನೇರವಾಗಿದ್ದಾಗ ಅದು ಗಟ್ಟಿ. ಪೂರ್ತಿ ತಿರುಗಿಸಿದಾಗ ದುರ್ಬಲ. ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಒಂದು ಗಾಲಿ ಜಾರಿ ಆ ಜಾಯಿಂಟ್ ಉಳಿದುಕೊಳ್ಳುತ್ತದೆ. ಮುಂದೆ ಲಾಕ್ ಹಾಕಿ, ಲೋ ಗೇರಿನಲ್ಲಿ, ಸ್ಟಿಯರಿಂಗ್ ತುದಿ ಮುಟ್ಟಿಸಿ ಬಂಡೆಗೆ ಒತ್ತಿದರೆ ಟಾರ್ಕ್ ಎಲ್ಲ ಒಂದೇ ಜಾಯಿಂಟಿನ ಮೇಲೆ ಬೀಳುತ್ತದೆ. ದೊಡ್ಡ ಟೈರು ಹಾಕಿದ್ದರಂತೂ ಮುರಿಯುವುದು ಖಚಿತ. ಹಳ್ಳದ ನಡುವೆ ಮುಂದಿನ ಶಾಫ್ಟ್ ಮುರಿದುಕೊಂಡು ನಿಲ್ಲುವುದು ಗಾಲಿ ಜಾರಿ ನಿಲ್ಲುವುದಕ್ಕಿಂತ ಕೆಟ್ಟದ್ದು. ಪ್ರತಿವಾರ ಬಂಡೆ ಹತ್ತುವ ಆಟಕ್ಕೆ ಹೋಗುವವರು, ಬಿಡಿ ಶಾಫ್ಟ್ ಜೊತೆಗೇ ಇಟ್ಟುಕೊಳ್ಳುವವರು ಮುಂದಕ್ಕೂ ಹಾಕಿಕೊಳ್ಳಲಿ. ತೋಟದ ಗಾಡಿಗೆ ಬೇಡ. ಆ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ.

ನಾಲೆ ಏರಿ, ಪಾಂಡವಪುರ

ಎಲ್ಲರೂ ಹತ್ತುವ ಮಾತನ್ನೇ ಆಡುತ್ತಿದ್ದೀರಿ. ಅಡ್ಡ ಇಳಿಜಾರಿನ ಮಾತು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಗದ್ದೆಗೆ ಹೋಗುವ ಮುಕ್ಕಾಲು ಪಾಲು ದಾರಿಗಳು ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳ ಏರಿಯ ಮೇಲೇ ಇವೆ. ಮಳೆ ಬಿದ್ದರೆ ಏರಿಯ ಮಣ್ಣು ಜಾರುತ್ತದೆ, ಒಂದು ಪಕ್ಕಕ್ಕೆ ವಾಲಿಕೊಂಡೂ ಇರುತ್ತದೆ. ಅಲ್ಲಿ ಗಾಲಿ ಜಾರಿತೆಂದು ಲಾಕ್ ಒತ್ತಬೇಡಿ, ಕೈ ಮುಗಿದು ಹೇಳುತ್ತೇನೆ.

ಕಾರಣ ಇಷ್ಟೇ. ಲಾಕ್ ಇಲ್ಲದಾಗ ಹಿಂದಿನ ಒಂದು ಗಾಲಿ ಸುಮ್ಮನೆ ತಿರುಗುತ್ತದೆ, ಇನ್ನೊಂದು ತಿರುಗದೆ ಮಣ್ಣಿನಲ್ಲಿ ಕೂತಿರುತ್ತದೆ. ಕೂತಿರುವ ಆ ಗಾಲಿಯೇ ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯದಂತೆ ಹಿಡಿದಿರುತ್ತದೆ. ಗಾಡಿ ಮುಂದೆ ಹೋಗುವುದಿಲ್ಲ, ಆದರೆ ಇದ್ದಲ್ಲೇ ಇರುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಎರಡೂ ಒಟ್ಟಿಗೆ ಜಾರಿದರೆ ಹಿಡಿದುಕೊಳ್ಳಲು ಒಂದು ಗಾಲಿಯೂ ಉಳಿಯುವುದಿಲ್ಲ. ಹಿಂಭಾಗ ಇಳಿಜಾರಿನ ಕಡೆಗೇ ಜಾರುತ್ತದೆ, ಏರಿಯ ಮೇಲೆ ಇಳಿಜಾರು ಎಂದರೆ ನೀರು. 2018ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ತೀರಿಕೊಂಡರು. ಆ ಅಪಘಾತಕ್ಕೂ ಲಾಕಿಗೂ ಸಂಬಂಧವಿಲ್ಲ. ತಡೆಗೋಡೆಯಿಲ್ಲದ ನಾಲೆ ಪಕ್ಕ ಗಾಡಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದಕ್ಕಾಗಿ ಹೇಳಿದೆ. ಏರಿಯ ಮೇಲೆ ಸಿಕ್ಕಿಕೊಂಡರೆ ಇಳಿದು, ಟ್ರ್ಯಾಕ್ಟರ್ ಕರೆಸಿ, ಮುಂದಿನಿಂದ ನೇರವಾಗಿ ಎಳೆಸಿ.

ಟೋ ಹಗ್ಗ, ಹುಣಸೂರು

ಪಾಂಡವಪುರದವರು ಹೇಳಿದ್ದನ್ನು ಒಪ್ಪಿದೆ. ವಾಲಿದ ನೆಲದ ಮೇಲೆ ಲಾಕ್ ಬೇಡ. ಮುಂದಿನ ಆಕ್ಸಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನಾನು ಹೋಗುವುದು ಆಟಕ್ಕೆ. ಮಳವಳ್ಳಿಯವರ ತಂದೆ ಹೋಗುವುದು ತೋಟಕ್ಕೆ. ಅವರ ಲೆಕ್ಕಕ್ಕೆ ಹಿಂದಿನದೊಂದೇ ಸರಿ.

ಮೇಟಗಳ್ಳಿ ಲೇತ್, ಮೈಸೂರು

ಜೋಡಣೆಯ ಬಗ್ಗೆ ನಾನು ಬರೆಯುತ್ತೇನೆ. ಗಾಳಿಯ ಲಾಕ್ ಹಾಕಿಸಿ ಬೇಸತ್ತವರಲ್ಲಿ ಹೆಚ್ಚಿನವರ ಗೋಳು ಲಾಕಿನದಲ್ಲ, ಕೂರಿಸಿದ ರೀತಿಯದು.

ಆರ್ಡರ್ ಕೊಡುವ ಮೊದಲು ಆಕ್ಸಲ್ ಶಾಫ್ಟ್ ಹೊರಗೆಳೆದು ತುದಿಯ ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದುದ್ದ ಹಲ್ಲುಗಳು) ಎಣಿಸಿ. ಸುಜುಕಿಯ ಸಣ್ಣ ಆಕ್ಸಲ್‌ಗಳಲ್ಲಿ 22 ಇರುವುದೂ ಇದೆ, 26 ಇರುವುದೂ ಇದೆ. ಹಳೆಯ ಗಾಡಿಗೆ ಯಾರು ಯಾವಾಗ ಯಾವ ಆಕ್ಸಲ್ ಹಾಕಿದ್ದಾರೋ ಆರ್‌ಸಿ ಪುಸ್ತಕದಲ್ಲಿ ಬರೆದಿರುವುದಿಲ್ಲ. ವಿದೇಶದಿಂದ ಬಂದ ಪೆಟ್ಟಿಗೆ ಒಡೆದ ಮೇಲೆ ಸ್ಪ್ಲೈನ್ ಹೊಂದುವುದಿಲ್ಲ ಎಂದರೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಜಿಪ್ಸಿಯ ಒಂದು ಪುಣ್ಯವೆಂದರೆ ಡಿಫರೆನ್ಷಿಯಲ್ ಇಡಿಯಾಗಿ ಆಕ್ಸಲ್ ಹೌಸಿಂಗಿನಿಂದ ಹೊರಗೆ ಬರುತ್ತದೆ. ಎಣ್ಣೆ ಇಳಿಸಿ, ಎರಡೂ ಕಡೆಯ ಶಾಫ್ಟ್ ಎಳೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಸುತ್ತಲಿನ ನಟ್ ತೆಗೆದರೆ ಬೆಂಚಿನ ಮೇಲೆ ಇಟ್ಟುಕೊಂಡು ಕೂತು ಕೆಲಸ ಮಾಡಬಹುದು. ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸವಲ್ಲ ಇದು, ಹಾಗೆ ಮಾಡುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ.

ಬಿಚ್ಚುವ ಮೊದಲು ಡಯಲ್ ಗೇಜ್ ಕೂರಿಸಿ ಕ್ರೌನ್ ವೀಲ್ (ಕೇಸಿನ ಮೇಲಿನ ದೊಡ್ಡ ಹಲ್ಲಿನ ಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಗೇರ್) ನಡುವಿನ ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಎಷ್ಟಿದೆ ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಗುರುತು ಹಾಕಬೇಕು: ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಕ್ಯಾಪ್‌ಗಳನ್ನು ಕಾರ್ಖಾನೆಯಲ್ಲಿ ಕೂರಿಸಿಯೇ ಕೊರೆದಿರುತ್ತಾರೆ, ಅದಲು ಬದಲಾದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಪಿನಿಯನ್‌ಗೆ ಕೈ ಹಚ್ಚಲೇಬಾರದು. ಬದಲಾಗುತ್ತಿರುವುದು ಕೇಸ್ ಮಾತ್ರ. ಪಿನಿಯನ್ ಮುಟ್ಟಿದರೆ ಅದರ ಆಳ, ಅದರ ಬೇರಿಂಗ್ ಬಿಗಿ ಎಲ್ಲ ಮೊದಲಿನಿಂದ ಹೊಂದಿಸಬೇಕಾಗುತ್ತದೆ.

ಕ್ರೌನ್ ವೀಲನ್ನು ಲಾಕರ್ ಮೇಲೆ ಕೂರಿಸುವಾಗ ಸುತ್ತಿಗೆ ಎತ್ತುವವರನ್ನು ನೋಡಿದ್ದೇನೆ. ಹಾಗೆ ಮಾಡಲೇಕೂಡದು. ಕ್ರೌನ್ ವೀಲನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಸಾಕು. 100 ಡಿಗ್ರಿ ದಾಟಿಸಬಾರದು, ಗ್ಯಾಸ್ ಬೆಂಕಿ ಹಿಡಿಯಬಾರದು. ದಪ್ಪ ಬಟ್ಟೆಯಲ್ಲಿ ಎತ್ತಿ, ನೀರು ಒರೆಸಿ, ಬೋಲ್ಟ್ ರಂಧ್ರಗಳನ್ನು ಸರಿಹೊಂದಿಸಿ ಇಟ್ಟರೆ ತಾನೇ ಜಾರಿ ಕೂರುತ್ತದೆ. ಕೂತಾಗ ಟಕ್ಕೆಂದು ಸಣ್ಣ ಸದ್ದಾಗುತ್ತದೆ. ಆರಿದ ಮೇಲೆ ಎಳೆಗಳನ್ನು ಒಣಗಿಸಿ, ಥ್ರೆಡ್ ಲಾಕ್ ಅಂಟು ಹಾಕಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಕೊನೆಗೆ ಟಾರ್ಕ್ ರೆಂಚ್‌ನಲ್ಲಿ ಮುಗಿಸಬೇಕು.

ಗಾಳಿ ಒಳಗೆ ಹೋಗುವ ಜಾಗ ಬೇರಿಂಗ್ ಪಕ್ಕದಲ್ಲಿದೆ. ಅಲ್ಲಿ ಸೀಲ್ ಹೌಸಿಂಗ್ ಎಂಬ ಬಳೆ ಬರುತ್ತದೆ. ಕೇಸ್ ತಿರುಗುತ್ತದೆ, ಈ ಬಳೆ ತಿರುಗುವುದಿಲ್ಲ. ಎರಡರ ನಡುವೆ ಗಾಳಿ ಸೋರದಂತೆ ಹಿಡಿಯುವುದು ಎರಡು ಓ ರಿಂಗ್‌ಗಳು, ಅಂದರೆ ರಬ್ಬರಿನಂಥ ಸಣ್ಣ ಬಳೆಗಳು. ಇಡೀ ವ್ಯವಸ್ಥೆ ನಿಂತಿರುವುದು ಅವುಗಳ ಮೇಲೆ. ಗೇರ್ ಎಣ್ಣೆ ಸವರದೆ ಒಣದಾಗಿ ತಳ್ಳಿದರೆ ಅಂಚು ಕತ್ತರಿಸಿಹೋಗುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಬಳೆಯಿಂದ ಹೊರಡುವ ಸಣ್ಣ ತಾಮ್ರದ ಕೊಳವೆಯನ್ನು ಕೈಯಲ್ಲೇ ನಿಧಾನವಾಗಿ ಬಗ್ಗಿಸಿ, ಕ್ರೌನ್ ವೀಲಿಗೆ ತಾಗದಂತೆ ಕ್ಯಾಪ್ ಪಕ್ಕದಲ್ಲಿ ತರಬೇಕು. ಅದು ಹೊರಬರುವ ರಂಧ್ರವನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆ ಕೊರೆಯಬೇಕು, 11.2 ಮಿ.ಮೀ ಡ್ರಿಲ್, ಆಮೇಲೆ ಎಳೆ ಕೊರೆಯಲು ಕಾಲಿಂಚು ಎನ್‌ಪಿಟಿ (ಪೈಪ್ ಎಳೆಯ ಅಳತೆ) ಟ್ಯಾಪ್. ಕೊರೆದ ಪುಡಿ ಒಂದು ಚೂರೂ ಒಳಗೆ ಉಳಿಯಬಾರದು. ನಾನು ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಮೂಲೆ ಮೂಲೆಗೂ ಅಯಸ್ಕಾಂತ ಆಡಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋಗುತ್ತೇನೆ.

ಆಮೇಲೆ ಹಲ್ಲಿನ ಹೊಂದಾಣಿಕೆ. ಜಿಪ್ಸಿಯಲ್ಲಿ ಎರಡು ಪಕ್ಕಕ್ಕೂ ಎಳೆ ಇರುವ ಅಡ್ಜಸ್ಟರ್‌ಗಳಿವೆ. ಒಂದನ್ನು ಸಡಿಲಿಸಿದಷ್ಟೇ ಇನ್ನೊಂದನ್ನು ಬಿಗಿಯುತ್ತಾ ಕ್ರೌನ್ ವೀಲನ್ನು ಪಿನಿಯನ್ ಹತ್ತಿರಕ್ಕೆ ತರಬೇಕು. ಪ್ಲೇ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ, ನಿಖರ ಅಂಕಿಗೆ ವರ್ಕ್‌ಷಾಪ್ ಕೈಪಿಡಿಯನ್ನೇ ನಂಬಿ. ಒಂದು ಜಾಗದಲ್ಲಿ ಅಳೆದರೆ ಸಾಲದು, ಸುತ್ತ ನಾಲ್ಕು ಕಡೆ ಅಳೆಯಿರಿ. ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸಿ ನೋಡಿದರೆ ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಗೋ ಬುಡಕ್ಕೋ ಹೋಗಿದ್ದರೆ ಗಾಡಿ ಓಡುವಾಗ ಊಳಿಡುತ್ತದೆ, ಕೆಲವೇ ತಿಂಗಳಲ್ಲಿ ಹಲ್ಲು ಸವೆಯುತ್ತದೆ.

ಆಕ್ಸಲ್‌ಗೆ ವಾಪಸು ಹಾಕುವ ಮೊದಲು ಬೆಂಚಿನ ಮೇಲೆಯೇ ಗಾಳಿ ಕೊಟ್ಟು ನೋಡಬೇಕು. ರೆಗ್ಯುಲೇಟರ್ ಇಟ್ಟು 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕೊಡಿ. ಬಿಗಿಯುವ ಸದ್ದು ಕೇಳಿಸಬೇಕು, ಒಂದು ಕಡೆಯ ಸನ್ ಗೇರ್ ತಿರುಗಿಸಲು ಹೋದರೆ ಕೇಸೇ ತಿರುಗಬೇಕು. ಗಾಳಿ ಮುಚ್ಚಿ ಗೇಜ್ ನೋಡುತ್ತಾ ಇರಿ, ಮುಳ್ಳು ಇಳಿಯಬಾರದು. ಇಳಿದರೆ ಅಲ್ಲೇ ಬಿಚ್ಚಿ.

ಗಾಳಿ ಸೋರಿಕೆ, ಶ್ರೀರಂಗಪಟ್ಟಣ

ಮೇಟಗಳ್ಳಿಯವರ ಕೊನೆಯ ಮಾತನ್ನು ಪ್ರತಿಯೊಬ್ಬ ಗ್ಯಾರೇಜಿನವರೂ ಪಾಲಿಸಿದ್ದರೆ ನನ್ನ ಗಾಡಿ ಎರಡು ಸಲ ಬಿಚ್ಚಬೇಕಾಗಿರಲಿಲ್ಲ. ಊರು, ಗ್ಯಾರೇಜು ಯಾವುದೆಂದು ಬರೆಯುವುದಿಲ್ಲ. ಕೆಲಸ ಮುಗಿಸಿ ಕೊಟ್ಟ ದಿನ ಎಲ್ಲ ಚೆನ್ನಾಗಿತ್ತು. ಸ್ವಲ್ಪ ಕಾಲದಲ್ಲೇ ಲಾಕ್ ಹಾಕಿ ನಿಂತಿದ್ದಾಗಲೂ ಕಂಪ್ರೆಸರ್ ಮತ್ತೆ ಮತ್ತೆ ಓಡಲು ಶುರು ಮಾಡಿತು. ಲಾಕ್ ಬಿಟ್ಟಾಗ ಸೊಲೆನಾಯ್ಡ್ ಬಾಯಿಂದ ಗಾಳಿಯ ಜೊತೆ ಗೇರ್ ಎಣ್ಣೆಯೂ ಚಿಮ್ಮುತ್ತಿತ್ತು. ಹೊರಗಿನ ಕೊಳವೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆವು, ಗುಳ್ಳೆ ಎಲ್ಲೂ ಬರಲಿಲ್ಲ. ಹೊರಗೆ ಸೋರದೆ ಎಣ್ಣೆ ಬರುತ್ತಿದ್ದರೆ ಒಳಗಿನ ಓ ರಿಂಗ್ ಹೋಗಿದೆ ಎಂದೇ ಅರ್ಥ. ಬಿಚ್ಚಿದಾಗ ಒಂದು ಓ ರಿಂಗ್‌ನ ಅಂಚು ಸೀಳಿತ್ತು. ಹೊಸದಾಗಿ ಹಾಕಿದಾಗ ಮೊದಮೊದಲು ಒಂದೆರಡು ಹನಿ ಎಣ್ಣೆ ಬರುವುದು ಸಹಜ. ಬರುತ್ತಲೇ ಇದ್ದರೆ ಬಿಡಬೇಡಿ.

ಬನ್ನಿಮಂಟಪ ವೈರಿಂಗ್, ಮೈಸೂರು

ಕಂಪ್ರೆಸರ್ ಬಗ್ಗೆ ಯಾರೂ ಹೇಳಲಿಲ್ಲ. ಲಾಕಿಗೆ ಬೇಕಾಗುವ ಗಾಳಿ ಬಹಳ ಕಡಿಮೆ. ಒತ್ತಡದ ಸ್ವಿಚ್ ಸಾಮಾನ್ಯವಾಗಿ 85 ಪಿಎಸ್‌ಐಗೆ ಇಳಿದಾಗ ಕಂಪ್ರೆಸರ್ ಚಾಲೂ ಮಾಡಿ 105ಕ್ಕೆ ನಿಲ್ಲಿಸುತ್ತದೆ. ಕೂರಿಸುವ ಜಾಗ ಬಾನೆಟ್ ಒಳಗೆ, ಆದಷ್ಟು ಎತ್ತರದಲ್ಲಿ, ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ. ನಿಮ್ಮ ಹಳ್ಳದ ನೀರು ಅದಕ್ಕೆ ಮುಟ್ಟಬಾರದು. ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ನಡುವೆ ರಿಲೇ. ಡ್ಯಾಶ್‌ಬೋರ್ಡಿನ ಸ್ವಿಚ್‌ನಲ್ಲಿ ಕಂಪ್ರೆಸರ್ ಕರೆಂಟ್ ಹರಿಸಿದರೆ ಸ್ವಿಚ್ ಸುಟ್ಟುಹೋಗುತ್ತದೆ. ಟೈರಿಗೂ ಗಾಳಿ ತುಂಬಬೇಕೆಂದರೆ ದೊಡ್ಡ ಕಂಪ್ರೆಸರ್ ತೆಗೆದುಕೊಳ್ಳಿ. ಕೆಸರಿನಲ್ಲಿ ಟೈರ್ ಗಾಳಿ ಇಳಿಸಿದ ಮೇಲೆ ಮತ್ತೆ ತುಂಬಲು ಬಲು ಉಪಯೋಗ.

ನೀಲಿ ನೈಲಾನ್ ಕೊಳವೆಯನ್ನು ಹೊಸ ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿ, ಓರೆಯಾದರೆ ಜಾಯಿಂಟಿನಲ್ಲಿ ಸೋರುತ್ತದೆ. ಚಾಸಿಯಿಂದ ಆಕ್ಸಲ್‌ಗೆ ಇಳಿಯುವಲ್ಲಿ ಬ್ರೇಕ್ ಹೋಸ್ ಜೊತೆಯಲ್ಲೇ ಸಾಕಷ್ಟು ಸಡಿಲ ಬಿಡಿ. ಗಾಲಿ ಪೂರ್ತಿ ಕೆಳಗೆ ಜೋತಾಗ ಕೊಳವೆ ಬಿಗಿಯಬಾರದು.

ಐದು ಬಾಗಿಲಿನ ಜಿಮ್ನಿ, ಕುವೆಂಪುನಗರ

ಕಾನೂನಿನ ಮಾತೂ ಇರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿದೆ. ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಪತ್ರ ಬರೆದು ಉತ್ತರ ಪಡೆದುಕೊಳ್ಳಿ. ಇನ್ನೊಂದು ಮಾತು. ಲಾಕ್ ಬಂತೆಂದು ಮುತ್ತತ್ತಿ ಕಾಡಿನೊಳಗೋ ಮೇಲುಕೋಟೆಯ ಗುಡ್ಡಕ್ಕೋ ದಾರಿ ಬಿಟ್ಟು ಗಾಡಿ ನುಗ್ಗಿಸುವವರಿದ್ದಾರೆ. ಎರಡೂ ಕಡೆ ವನ್ಯಜೀವಿಧಾಮಗಳಿವೆ. ಅಲ್ಲಿಯ ನೆಲ ನಮ್ಮ ಗಾಲಿಗಳಿಗೆ ಇರುವುದಲ್ಲ.

ತೋಟದ ಜಿಪ್ಸಿ, ಮಳವಳ್ಳಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಸಾರೆ ಧನ್ಯವಾದ. ಹಿಂದಿನ ಆಕ್ಸಲ್‌ಗೆ ಮಾತ್ರ ಎಂದು ತೀರ್ಮಾನ ಮಾಡಿದೆ. ಉಳಿದ ಹಣ ಟೈರಿಗೆ. ಮೊದಲು ಆರ್‌ಟಿಒ ಮತ್ತು ವಿಮೆಯ ಕೆಲಸ, ಆಮೇಲೆ ಶಾಫ್ಟ್ ಎಳೆದು ಸ್ಪ್ಲೈನ್ ಎಣಿಸುವುದು, ಅದಾದ ಮೇಲೆ ಆರ್ಡರ್. ಅಪ್ಪನಿಗೆ ನಾಲೆ ಏರಿಯ ಮಾತನ್ನು ಇವತ್ತೇ ಓದಿ ಹೇಳಿದೆ. ಮೇಟಗಳ್ಳಿ ಸರ್, ಕೆಲಸ ನಿಮ್ಮಲ್ಲೇ ಮಾಡಿಸಬೇಕೆಂಬ ಆಸೆ. ಫಿಟ್ಟರ್ ಸರ್, ಅಪ್ಪನಿಗೆ ಹೇಳಿಕೊಡಲು ಬಳಸುವ ಕ್ರಮವನ್ನು ಒಂದು ಸಲ ಬರೆದುಬಿಡಿ.

ಹೂಟಗಳ್ಳಿ ಫಿಟ್ಟರ್, ಮೈಸೂರು

ಬಂಡೆಯ ಬುಡದಲ್ಲಿ ಗಾಡಿ ನಿಲ್ಲಿಸಲಿ. ಫೋರ್ ವೀಲ್ ಲೋ, ಮೊದಲ ಗೇರ್. ಗಾಲಿಗಳು ನಿಂತಿರುವಾಗಲೇ ಸ್ವಿಚ್ ಒತ್ತಬೇಕು. ಒಂದು ಗಾಲಿ ಜೋರಾಗಿ ತಿರುಗುತ್ತಿರುವಾಗ ಒತ್ತಿದರೆ ಲಾಕಿನ ಹಲ್ಲುಗಳು ಒಂದಕ್ಕೊಂದು ಬಡಿದು ಒಡೆಯಬಹುದು. ದೀಪ ಹೊತ್ತಿದ ಮೇಲೆ ಒಂದಡಿ ಮುಂದೆ ಸರಿದರೆ ಹಲ್ಲು ಪೂರ್ತಿ ಕೂರುತ್ತದೆ. ಸ್ಟಿಯರಿಂಗ್ ಆದಷ್ಟು ನೇರವಾಗಿಟ್ಟುಕೊಂಡು, ಆಕ್ಸಿಲರೇಟರ್ ಒತ್ತದೆ ಹತ್ತಲಿ. ಮೇಲೆ ಸಮತಟ್ಟು ಬಂದ ತಕ್ಷಣ ಸ್ವಿಚ್ ಆರಿಸಿ, ನಾಲ್ಕಾರು ಮೀಟರ್ ನೇರ ಹೋಗಲಿ. ಶಾಫ್ಟ್‌ಗಳಲ್ಲಿ ತಿರುಚು ಉಳಿದಿದ್ದರೆ ಲಾಕ್ ಬಿಡಲು ಅಷ್ಟು ದೂರ ಬೇಕಾಗುತ್ತದೆ. ಬೇಸಿಗೆಯಲ್ಲಿ ಲಾಕ್ ಬೇಕಾಗುವುದಿಲ್ಲವೆಂದು ಹಾಗೇ ಬಿಡಬೇಡಿ, ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಹಾಕಿ ತೆಗೆಯಿರಿ; ಓ ರಿಂಗ್‌ಗಳಿಗೆ ಅದು ಒಳ್ಳೆಯದು. ಜೋಡಣೆಯಾದ ಮೇಲೆ ಮೊದಲ 500 ಕಿ.ಮೀಗೆ ಎಣ್ಣೆ ಬದಲಿಸಿ.

ಮೇಟಗಳ್ಳಿ ಲೇತ್, ಮೈಸೂರು

ಪೆಟ್ಟಿಗೆ ಕೈಗೆ ಬಂದ ಮೇಲೆ ಗಾಡಿ ತನ್ನಿ, ಆಗುತ್ತದೆ. ಪೆಟ್ಟಿಗೆಯೊಳಗೆ ಜೋಡಣೆಯ ಪುಸ್ತಕ ಇರುತ್ತದೆ, ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಬರುವಾಗ ಎರಡೂ ಪಕ್ಕದ ಹೊಸ ಡಿಫರೆನ್ಷಿಯಲ್ ಬೇರಿಂಗ್, ಹಿಂದಿನ ಎರಡು ಆಕ್ಸಲ್ ಆಯಿಲ್ ಸೀಲ್, ಒಳ್ಳೆಯ ಜಿಎಲ್ 5 ದರ್ಜೆಯ ಗೇರ್ ಎಣ್ಣೆ ತೆಗೆದುಕೊಂಡು ಬನ್ನಿ; ಹಳೆಯ ಬೇರಿಂಗ್ ಎಳೆದು ಮತ್ತೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಿಂದಿನ ದಿನವೇ ಡಿಫರೆನ್ಷಿಯಲ್ ಸುತ್ತಲಿನ ಕೆಸರನ್ನು ಚೆನ್ನಾಗಿ ತೊಳೆಸಿ, ಒಣಗಿಸಿ ತನ್ನಿ.